ಹಸಿರು ಮುಖದ ಪ್ರಯಾಣಿಕರು

ಕಡಬ–ಪುತ್ತೂರು ದಾರಿಯಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ನನಗೆ ಮೊಬೈಲಿನಲ್ಲಿ ಬಸ್ಸು ಓಡಿಸುವುದೆಂದರೆ ಮದುವೆಯ ಅಡುಗೆ ಭಟ್ಟರಿಗೆ ಮಕ್ಕಳು ಮಣ್ಣಿನ ಪಾಯಸ ಬಡಿಸಿದ ಹಾಗೆ. ನಮ್ಮ ಸ್ಟ್ಯಾಂಡಿನ ಕಂಡಕ್ಟರುಗಳೆಲ್ಲ ಒಂದು ಬಸ್ಸಿನ ಗೇಮಿಗೆ ಬಿದ್ದಿದ್ದರು. ಅದರಲ್ಲಿ ಬಸ್ಸಿಗೆ ಬೇಕಾದ ಬಣ್ಣ ಬಳಿಯಬಹುದು, ಹಾಡುವ ಹಾರ್ನ್ ಹಾಕಬಹುದು. ನಾನು ಅದನ್ನೂ ಮುಟ್ಟಿದವನಲ್ಲ.

ಕಳೆದ ವರ್ಷ ಬಸ್ಸು ಇಂಜಿನ್ ಕೆಲಸಕ್ಕೆಂದು ಒಂದು ವಾರ ಗ್ಯಾರೇಜಿನಲ್ಲಿ ನಿಂತಿತು. ಮನೆಯಲ್ಲಿ ಕೂತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದ ನನ್ನ ಬಾಯಿ ಮುಚ್ಚಿಸಲು, ಪಿಯುಸಿ ಓದುವ ಮಗಳು ನನ್ನ ಮೊಬೈಲಿಗೆ ಬೇರೊಂದು ಬಸ್ಸಿನ ಗೇಮ್ ಹಾಕಿಕೊಟ್ಟಳು. ಸ್ಟ್ಯಾಂಡಿನಲ್ಲಿ ಯಾರೂ ಹೆಸರೇ ಕೇಳಿರದ ಗೇಮ್. ಬೂದು ಬಣ್ಣದ ಒಂದು ಬಸ್ಸು, ಘಾಟಿಯ ದಾರಿ, ಪರದೆಯ ಕೆಳಗೆ ಸಾಲಾಗಿ ಪ್ರಯಾಣಿಕರ ಪುಟ್ಟ ಮುಖಗಳು. ಅಷ್ಟೇ.

ಮೊದಲ ಟ್ರಿಪ್ಪನ್ನು ನಾಲ್ಕು ನಿಮಿಷ ಮೊದಲೇ ಮುಗಿಸಿ ಮಗಳನ್ನು ಗತ್ತಿನಿಂದ ನೋಡಿದೆ. ಗೇಮ್ ನನಗೆ ಸೊನ್ನೆ ಕೊಟ್ಟಿತ್ತು. ಮುಖಗಳೆಲ್ಲ ಹಸಿರಾಗಿ, ಬಾಯಿಗೆ ಕೈ ಒತ್ತಿ ಹಿಡಿದಿದ್ದವು. ಎರಡನೆಯ ಸಲವೂ ಸೊನ್ನೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮೊಬೈಲನ್ನು ಬೈದೆ, ಅದನ್ನು ಮಾರಿದವನನ್ನು ಬೈದೆ, ಗೇಮ್ ಮಾಡಿದವನಿಗೆ ನಮ್ಮ ರಸ್ತೆ ಗೊತ್ತಿಲ್ಲ ಎಂದೆ.

ಮಗಳು ತಣ್ಣಗೆ ಕೇಳಿದಳು: "ಅಪ್ಪ, ಅಮ್ಮ ನಿಮ್ಮ ಬಸ್ಸಿಗೆ ಹತ್ತದೇ ಇರುದು ಇದಕ್ಕೇ ಅಲ್ವಾ?"

ಮದುವೆಯ ಹೊಸತರಲ್ಲಿ ಹೆಂಡತಿಯನ್ನು ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಪುತ್ತೂರಿಗೆ ಹೊರಟಿದ್ದೆ. ಅಲ್ಲಿಂದ ಬೆಟ್ಟಂಪಾಡಿಗೆ, ಅವಳ ತವರಿಗೆ ಹೋಗಬೇಕಿತ್ತು. ಕೈಚಳಕ ತೋರಿಸುವ ಉಮೇದಿನಲ್ಲಿ ನಾನು ಬಸ್ಸನ್ನು ಹಾರಿಸಿದೆ. ಅವಳು ಮೂರು ಸಲ ವಾಂತಿ ಮಾಡಿದಳು. ಆಮೇಲೆ ಹದಿನೆಂಟು ವರ್ಷ ನನ್ನ ಬಸ್ಸು ಹತ್ತಲಿಲ್ಲ. ತವರಿಗೆ ಹೋಗುವಾಗಲೆಲ್ಲ ನನ್ನೆದುರೇ ಒಂದು ಲಿಂಬೆಹಣ್ಣು ಚೀಲಕ್ಕೆ ಹಾಕಿಕೊಂಡು ಬೇರೆ ಬಸ್ಸಿಗೆ ಹೋಗುತ್ತಿದ್ದಳು. ಪಾಪ, ಅವಳಿಗೆ ಬಸ್ಸು ಅಂದರೇ ಆಗುವುದಿಲ್ಲ, ಗಂಡನೆದುರು ವಾಂತಿ ಮಾಡಲು ನಾಚಿಕೆ ಬೇರೆ ಎಂದು ನಾನು ಊರಿಡೀ ಹೇಳಿಕೊಂಡು ತಿರುಗಿದೆ. ಬೇರೆ ಡ್ರೈವರುಗಳ ಹೆಂಡತಿಯರು ಮುಂದಿನ ಸೀಟಿನಲ್ಲಿ ಮಾತಾಡುತ್ತ ಹೋಗುವುದು ಕಂಡರೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಅವಳು ತವರಿನಿಂದ ಬಂದ ಸಂಜೆ ನನಗೊಂದು ಲೋಟ ಶರಬತ್ತು ಸಿಗುತ್ತಿತ್ತು. ಅದೇ ಸಮಾಧಾನ.

ವಾರವಿಡೀ ಆ ಗೇಮಿನ ಕಾಲು ಹಿಡಿದೆ. ತಿರುವು ಬರುವ ಮೊದಲೇ ವೇಗ ಇಳಿಸಬೇಕು, ಬ್ರೇಕನ್ನು ತುಳಿಯಬಾರದು, ಒತ್ತಬೇಕು. ಹೊಸತಾಗಿ ಕಲಿಯಲು ಬಂದವರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ! ಆರನೆಯ ದಿನ ಎಲ್ಲ ಮುಖಗಳೂ ನಕ್ಕವು. ಹೆವಿ ಲೈಸೆನ್ಸ್ ಸಿಕ್ಕಿದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಬಸ್ಸು ಗ್ಯಾರೇಜಿನಿಂದ ಬಂತು. ಅದೇ ವಾರ ಹೆಂಡತಿಗೆ ಬೆಟ್ಟಂಪಾಡಿಗೆ ಹೋಗುವುದಿತ್ತು. ಪುತ್ತೂರಿನವರೆಗೆ ನನ್ನ ಬಸ್ಸಿನಲ್ಲಿ ಬಾ, ಈ ಸಲ ವಾಂತಿ ಬಂದರೆ ಇನ್ನು ಜನ್ಮದಲ್ಲಿ ಕರೆಯುವುದಿಲ್ಲ ಎಂದೆ. ಅವಳು ಲಿಂಬೆಹಣ್ಣಿನ ಜೊತೆ ವಾಂತಿಗೆಂದು ಎರಡು ಪ್ಲಾಸ್ಟಿಕ್ ತೊಟ್ಟೆಯನ್ನೂ ಇಟ್ಟುಕೊಂಡಳು.

ಅವತ್ತು ನಾನು ಬಸ್ಸು ಓಡಿಸಿದ್ದಲ್ಲ, ತುಂಬಿದ ಕೊಡ ಹೊತ್ತು ನಡೆದದ್ದು. ಗಾಡಿಗೆ ಎಂತ ಆಗಿದೆ ಎಂದು ಕಂಡಕ್ಟರ್ ಎರಡು ಸಲ ಮುಂದೆ ಬಂದು ಕೇಳಿದ. ಪ್ರತಿ ತಿರುವು ದಾಟಿದ ಮೇಲೆ ಕನ್ನಡಿಯಲ್ಲಿ ಅವಳೊಬ್ಬಳ ಮುಖ ಹಸಿರಾಯಿತೇ ಎಂದು ನೋಡುತ್ತಿದ್ದೆ. ಅರ್ಧ ದಾರಿಗೆ ಅವಳು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಪುತ್ತೂರಿಗೆ ಏಳು ನಿಮಿಷ ತಡ. ಹಿಂದಿನ ಬಸ್ಸಿನವನು ಬೈದ. ಇಳಿಯುವಾಗ ಅವಳು ಲಿಂಬೆಹಣ್ಣನ್ನು ತೆಗೆದು ನನ್ನ ಕೈಗಿಟ್ಟಳು. ಇನ್ನು ಬೆಟ್ಟಂಪಾಡಿಯ ಬಸ್ಸಿಗೆ ಬೇಡವೇ ಎಂದು ಕೇಳಿದೆ.

"ಬೇರೆಯವರ ಬಸ್ಸಲ್ಲಿ ನಂಗೆ ಯಾವತ್ತೂ ವಾಂತಿ ಬಂದದ್ದಿಲ್ಲ," ಎಂದಳು. "ನಿಮಗೆ ಬೇಜಾರಾಗುದು ಬೇಡ ಅಂತ ಲಿಂಬೆ ಹಿಡ್ಕೊಂಡು ಹೋಗ್ತಿದ್ದದ್ದು."

ಹದಿನೆಂಟು ವರ್ಷ, ತವರಿನಿಂದ ಹಾಗೇ ಹಿಂದೆ ಬಂದ ಆ ಲಿಂಬೆಗಳ ಶರಬತ್ತು ಕುಡಿದವನು ನಾನೇ. ಸಕ್ಕರೆ ಸಾಲದು ಎಂದು ಹೇಳುತ್ತಲೂ ಇದ್ದೆ.