ಘಾಟಿಗೆಂದು ಹಾಕಿಸಿದ ಕ್ರೌನ್

ಗಣಿಯ ಕಲ್ಲುದಾರಿಗೆಂದು ಲಾರಿಗೆ ದೊಡ್ಡ ಟೈರು ಹಾಕಿಸಿದೆ. ಹೊಸಪೇಟೆಯ ಮೇಸ್ತ್ರಿ ಹಿಂದಿನ ಆಕ್ಸಲ್ ಬಿಚ್ಚಿಟ್ಟು, ಕೈ ಒರೆಸಿಕೊಳ್ಳುತ್ತ ಹೇಳಿದರು: “ಟೈರು ದೊಡ್ಡದಾದ್ರ ಎಳೆತ ಕಮ್ಮಿ ಆಗತೈತ್ರಿ. ಒಳಗಿನ ಹಲ್ಲಿನ ಚಕ್ರ, ಕ್ರೌನ್ ಅಂತೀವಲ್ಲ, ಅದನ್ನ ಬದಲಿಸಬೇಕು. ಸಂಡೂರು ಘಾಟಿಗೆ ಬೇಕೋ, ಕಂಪ್ಲಿ ಬಯಲಿಗೆ ಬೇಕೋ, ನೀವೇ ಹೇಳ್ರಿ. ಘಾಟಿಗೆ ಹಾಕಿದ್ರ ಎಳೆತ ಸಿಗತೈತಿ, ಓಟ ಸಿಗಂಗಿಲ್ಲ. ಎರಡಕ್ಕೂ ಛಲೋ ಅನ್ನೋದು ಇಲ್ರಿ.”

“ಘಾಟಿಗೇ ಹಾಕ್ರಿ,” ಎಂದೆ. ಒಂದು ಗಳಿಗೆ ಯೋಚಿಸಲೂ ಇಲ್ಲ. ಗುಡ್ಡದಲ್ಲಿ ಅದಿರು ಇರುವ ತನಕ ನನಗೇನು ಚಿಂತೆ ಎಂಬ ಸೊಕ್ಕು.

ಅದಿರು ಈಗಲೂ ಇದೆ. ಗಣಿಯವರು ಹಾಕಿದ ಉದ್ದನೆಯ ಕನ್ವೇಯರ್ ಬೆಲ್ಟಿನ ಮೇಲೆ ಕೂತು ತಾನೇ ಗುಡ್ಡ ಇಳಿದುಹೋಗುತ್ತದೆ. ನಮ್ಮ ಲಾರಿಗಳನ್ನು ಯಾರೂ ಕರೆಯುವುದಿಲ್ಲ.

ಈಗ ಕಂಪ್ಲಿಯ ಅಕ್ಕಿ ಗಿರಣಿಗೆ ಭತ್ತ ಹೊರುತ್ತೇನೆ. ಸಪಾಟು ರಸ್ತೆಯಲ್ಲಿ ಎಂಜಿನ್ ಒದರುತ್ತದೆ, ವೇಗ ಮಾತ್ರ ಬರುವುದಿಲ್ಲ. ಕ್ರೌನ್ ಬದಲಿಸು ಎನ್ನುತ್ತಾರೆ ಎಲ್ಲರೂ. ಬದಲಿಸಿದರೆ ಗುಡ್ಡ ನನ್ನ ಪಾಲಿಗೆ ಮುಗಿಯಿತೆಂದು ನಾನೇ ಒಪ್ಪಿಕೊಂಡಂತೆ.

ನಿನ್ನೆ ನನ್ನನ್ನು ಹಿಂದೆ ಹಾಕಿದ ಕಬ್ಬಿನ ಲಾರಿಯವನು ಕೂಗಿದ: “ಗಾಡಿ ಕೆಟ್ಟೈತೇನ್ರೀ?”

ಕೆಟ್ಟಿಲ್ಲೋ ತಮ್ಮಾ. ಅದು ಈಗಲೂ ಘಾಟಿ ಏರುತ್ತಿದೆ. ಎದುರಿಗೆ ಗುಡ್ಡ ಇಲ್ಲ, ಅಷ್ಟೆ.