ಕೆಂದಿಯ ಹಾಲೂ ನನ್ನ ಹೆಬ್ಬೆರಳೂ

ಕರುವಿನ ಹಗ್ಗವನ್ನು ಹೆಬ್ಬೆರಳಿಗೆ ಸುತ್ತಿಕೊಂಡು ನಿಂತದ್ದೇ ತಪ್ಪಾಯಿತು. ನಮ್ಮ ಭೀಮನಬೀಡಿನಲ್ಲಿ ಹಾಲು ಕರೆಯುವ ಹೆಂಗಸರೆಲ್ಲ ಹಾಗೇ ನಿಲ್ಲುತ್ತಾರೆ. ಅವತ್ತು ಕರು ತಾಯಿಯ ಕೆಚ್ಚಲಿನ ಕಡೆಗೆ ಒಮ್ಮೆಲೇ ನೆಗೆಯಿತು.

ನನ್ನ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿ ಮಣಿಕಟ್ಟನ್ನು ನೋಡುತ್ತಿತ್ತು.

ನೋವು ಆಮೇಲೆ ಬಂತು. ಅದಕ್ಕೂ ಮೊದಲು ಬಂದವನು ಮೈದುನ ಮಾದಪ್ಪ. ಊರಿನವರ ಉಳುಕನ್ನೆಲ್ಲ ಎಳೆದು ಸರಿಮಾಡುವವನು. "ಒಸಿ ತಡ್ಕೊಳ್ಳಿ ಅತ್ತಿಗೆ, ಒಂದ್ಸಲ ಎಳುದ್ರೆ ಕೂತ್ಕತದೆ" ಎಂದು ಎಳೆದೇಬಿಟ್ಟ. ಕೂರಲಿಲ್ಲ. ಕೀಲು ಬಿಗಿದುಕೊಂಡಿತು, ಬೆರಳು ಊದಿತು. ನನಗಿದ್ದದ್ದು ಒಂದೇ ಚಿಂತೆ. ನಮ್ಮ ಕೆಂದಿ ನನ್ನ ಕೈಗಲ್ಲದೆ ಇನ್ಯಾರಿಗೂ ಹಾಲು ಕೊಡುವ ಹಸುವಲ್ಲ. ನನ್ನ ಕೈ ಕೆಟ್ಟರೆ ಅವಳನ್ನು ತೆರಕಣಾಂಬಿ ಸಂತೆಗೆ ಹೊಡೆಯುವುದೇ ಸರಿ ಎಂದು ಅತ್ತೆ ಆಗಲೇ ಅಂದುಬಿಟ್ಟಿದ್ದರು.

ಗುಂಡ್ಲುಪೇಟೆಯ ಡಾಕ್ಟರು ನೋಡಿ ಚಾಮರಾಜನಗರದ ಆಸ್ಪತ್ರೆಗೆ ಕಳಿಸಿದರು. ಬಸ್ಸು ಎತ್ತಿಹಾಕಿದಾಗಲೆಲ್ಲ ನಾನು ಯಜಮಾನರ ತೋಳು ಚಿವುಟುತ್ತಿದ್ದೆ.

"ಯಾರಮ್ಮ ಎಳೆದದ್ದು?" ಆಸ್ಪತ್ರೆಯ ಡಾಕ್ಟರು ಕೇಳಿದರು. "ಈ ಕೀಲನ್ನು ಎಳೆಯಬಾರದು, ಒಳಗೆ ನಾರು ಸಿಕ್ಕಿಕೊಳ್ಳುತ್ತೆ. ಒಂದು ಸಲ ತಳ್ಳಿ ನೋಡ್ತೀನಿ. ಆಗದಿದ್ದರೆ ಆಪರೇಷನ್‌ಗೆ ಮೈಸೂರಿಗೇ ಹೋಗಬೇಕು."

ಇಂಜೆಕ್ಷನ್ ಕೊಟ್ಟರು. ಬೆರಳನ್ನು ಇನ್ನೂ ಹಿಂದಕ್ಕೆ ಬಾಗಿಸಿ, ಅದರ ಬುಡವನ್ನು ಮುಂದಕ್ಕೆ ಒತ್ತಿದರು. ನಾನು ಕಣ್ಣು ಮುಚ್ಚಲಿಲ್ಲ.

ಟಕ್ ಅಂತು.

ಬೆರಳು ಮತ್ತೆ ಬೆರಳಾಗಿತ್ತು! ನಗುವೂ ಅಳುವೂ ಒಟ್ಟಿಗೇ ಬಂದು ನರ್ಸಮ್ಮನ ಕೈ ಹಿಡಿದುಕೊಂಡೆ. ಪ್ಲಾಸ್ಟರ್ ಹಾಕುತ್ತಾ ಡಾಕ್ಟರು, "ಬಿಚ್ಚಿದ ಮೇಲೂ ಹೆಬ್ಬೆರಳು ಮಡಚಿ ಹಾಲು ಕರೀಬೇಡಿ, ಮುಷ್ಟಿಯಲ್ಲಿ ಕರೀರಿ" ಎಂದರು.

ಮನೆಯಲ್ಲಿ ಯಜಮಾನರು ಚೊಂಬು ಹಿಡಿದು ಕೂತರೆ ಕೆಂದಿ ಒದ್ದಳು. ಮತ್ತೆ ಕೂತರು, ಮತ್ತೆ ಒದ್ದಳು. ಕೊನೆಗೆ ಅತ್ತೆಯೇ, "ಅವ್ಳ ಸೀರ ಸುತ್ಕಂಡು ಕೂತ್ಕ ಕಣ್ಲಾ" ಅಂದರು. ದಪ್ಪ ಮೀಸೆಯ ಆ ಮನುಷ್ಯ ನನ್ನ ಹಸಿರು ಸೀರೆ ಹೊದ್ದು ಕೂತರು. ಕೆಂದಿ ಮೂಸಿ ನೋಡಿ ಹಾಲು ಕೊಟ್ಟಳು. ಮಾದಪ್ಪ ಬಿದ್ದು ಬಿದ್ದು ನಕ್ಕ. ಯಜಮಾನರು ತಲೆ ಎತ್ತಲಿಲ್ಲ. ಸಂತೆಯ ಮಾತು ಸದ್ಯಕ್ಕೆ ನಿಂತಿತು.

ಮೊನ್ನೆ ಪ್ಲಾಸ್ಟರ್ ಬಿಚ್ಚಿದರು. ಬೆರಳು ಸೊರಗಿದೆ. ಪೂರ್ತಿ ಮಡಚಲು ಬರುವುದಿಲ್ಲ, ಮುಂದೆಯೂ ಬರಲಾರದೇನೋ. ಇವತ್ತು ಬೆಳಿಗ್ಗೆ ಕೆಂದಿಯ ಪಕ್ಕ ಕೂತು ಡಾಕ್ಟರು ಹೇಳಿದಂತೆ ಮುಷ್ಟಿಯಲ್ಲಿ ಹಿಡಿದೆ. ಮೊದಲ ಧಾರೆ ಚೊಂಬಿನ ತಳಕ್ಕೆ ಚೊರ್ರೆಂದು ಬಿತ್ತು. ಸಂತೋಷಕ್ಕೆ ಕೂಗಿಬಿಡಬೇಕು ಅನ್ನಿಸಿತು, ಹಸು ಬೆದರೀತೆಂದು ತುಟಿ ಕಚ್ಚಿಕೊಂಡೆ.

ಅರ್ಧ ಚೊಂಬಿಗೆ ಕೈ ಸೋತಿತು. ತಿರುಗಿ ನೋಡಿದರೆ ಯಜಮಾನರು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು, ಯಾರೂ ಹೇಳದೆಯೇ ನನ್ನ ಹಸಿರು ಸೀರೆ ಹೊದ್ದುಕೊಂಡು.