ಕಬ್ಬಿನ ಸಾಲಿನಲ್ಲಿ ತಪ್ಪಿದ ಸಿಗ್ನಲ್ಲು

ಮಳವಳ್ಳಿಯಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗುವಾಗ ರಸ್ತೆಯ ಎರಡೂ ಕಡೆ ಕಬ್ಬು. ಗರಿಗಳು ಗಾಳಿಗೆ ಉಜ್ಜಿಕೊಳ್ಳುವ ಸದ್ದು ಕಿವಿಗೆ ಬೀಳಬಾರದೆಂದು ಕಿಟಕಿ ಮುಚ್ಚಿ ಕೂರುತ್ತೇನೆ. ಬಿದ್ದರೆ ಹೆಬ್ಬೆರಳು ತಾನಾಗಿ ಒತ್ತಲು ಹೋಗುತ್ತದೆ.

ನಾನು ಮಳವಳ್ಳಿಯಲ್ಲಿ ಮೇಷ್ಟ್ರು. ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳೆಯ ಮಂಡ್ಯದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಮನೆ, ಜಮೀನು ದುದ್ದದ ಹತ್ತಿರ. ಭಾನುವಾರಗಳಲ್ಲಿ ಇಬ್ಬರೂ ಹವ್ಯಾಸಕ್ಕೆಂದು ಒಂದು ರೋಬೋ ಗಾಡಿ ಕಟ್ಟುತ್ತಿದ್ದೆವು. ಮದ್ದೂರಿನ ಗುಜರಿಯಿಂದ ತಂದ ವೈಪರ್ ಮೋಟಾರುಗಳು, ನಾಲ್ಕು ಚಕ್ರ, ಹಳೆಯ ಬ್ಯಾಟರಿ, ಮೇಲೊಂದು ಕಂಟ್ರೋಲರ್ ಬೋರ್ಡು, ಹೊಟ್ಟೆಯಡಿ ಕಳೆ ಕತ್ತರಿಸುವ ಬ್ಲೇಡು. ಕೈಯಲ್ಲಿನ ಸ್ವಿಚ್ಚಿನ ಡಬ್ಬಿಯಿಂದ ಗಾಡಿಗೆ ಉದ್ದನೆಯ ವೈರು. ಅದು ಕಬ್ಬಿನ ಬುಡಕ್ಕೆಲ್ಲ ಸುತ್ತಿಕೊಳ್ಳುತ್ತಿತ್ತು. ಅದಕ್ಕೇ ಬ್ಲೂಟೂತ್ ಹಾಕೋಣ ಎಂದಾಯಿತು.

ಬ್ಲೂಟೂತ್ ಎಂದರೆ ಹೆಬ್ಬೆರಳಿನಷ್ಟು ಉದ್ದದ ಒಂದು ಬೋರ್ಡಿನ ತುಂಡು. ಅದು ಸಂಕೇತ ಕಳಿಸುವ ತಂತಿಯನ್ನು ಗಾಡಿಯ ಬೋರ್ಡು ಕೇಳಿಸಿಕೊಳ್ಳುವ ಕಡೆಗೆ, ಬೋರ್ಡು ಕಳಿಸುವುದನ್ನು ಅದು ಕೇಳಿಸಿಕೊಳ್ಳುವ ಕಡೆಗೆ ಬೆಸುಗೆ ಹಾಕಿದೆವು. ಬೋರ್ಡಿನದು ಐದು ವೋಲ್ಟು, ಬ್ಲೂಟೂತ್ ತುಂಡು ತಡೆಯುವುದು ಮೂರು ಚಿಲ್ಲರೆ. ವೋಲ್ಟು ಇಳಿಸಲು ನಡುವೆ ಎರಡು ರೆಸಿಸ್ಟರು ಕೂರಿಸಿದೆವು. ಉದ್ದನೆಯ ವೈರು ಕಿತ್ತು ಹಾಕಿದೆವು. ಫೋನಿನ ಮೇಲೆ ಬೆರಳಿಟ್ಟರೆ ಗಾಡಿ ಅಂಗಳದಲ್ಲಿ ಓಡಿತು.

ಗೆಳೆಯನ ಅಕ್ಕ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದರು. ಜಮೀನು ನೋಡಿಕೊಳ್ಳುವವರು ಅವರೇ.

"ಏನ್ಲಾ, ಮೂಗುದಾರ ಕಿತ್ತಾಕ್ಬುಟ್ರಾ? ಇನ್ನ ಯಾರ್ ಮಾತ ಕೇಳ್ತದೆ ಇದು?"

"ನಿನ್ ಮಾತ ನಾನೇ ಕೇಳಾಕಿಲ್ಲ, ಇದ್ ಕೇಳ್ತದಾ ಬುಡಕ್ಕ," ಎಂದ ಗೆಳೆಯ.

"ನೋಡಿ ಮೇಷ್ಟ್ರೇ, ಇವುನ್ನ ಓದ್ಸಿದ್ದಕ್ಕೆ!" ಎಂದು ನನ್ನ ಕಡೆ ನಕ್ಕು ಕುಡುಗೋಲು ಎತ್ತಿಕೊಂಡು ಹೋದರು.

ತೊಂದರೆ ಒಂದೇ. ಸಂಪರ್ಕ ಆಗಾಗ ಕ್ಷಣಕಾಲ ತಪ್ಪುತ್ತಿತ್ತು, ತಪ್ಪಿದಾಗಲೆಲ್ಲ ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಗೆಳೆಯನಿಗೆ ರೇಗಿತು. ಅವನಪ್ಪ ಕಬ್ಬಿನ ಗಾಡಿ ಹೊಡೆದವರು. ಹೇರಿದ ಮೇಲೆ ಅವರು ನಿದ್ದೆ ಹೋದರೂ ಎತ್ತುಗಳೇ ಆಲೆಮನೆ ಮುಟ್ಟಿಸುತ್ತಿದ್ದವಂತೆ.

"ಎತ್ತು ಏನಾರ ಇಂಗ್ ನಿಂತ್ಕತದೇನ್ಲಾ? ತಿರುಗು ಅನ್ನೋಗಂಟ ಓಯ್ತಾನೇ ಇರ್ತದೆ. ಇದ್ನೂ ಅಂಗೇ ಮಾಡವ."

ಪ್ರೋಗ್ರಾಂ ಬದಲಾಯಿಸಿದ. ಹೊಸ ಆಜ್ಞೆ ಬರುವವರೆಗೆ ಹಳೆಯದೇ ನಡೆಯಬೇಕು. ಗಾಡಿ ಅಂಗಳದ ಈ ತುದಿಯಿಂದ ಆ ತುದಿಗೆ ನೀರು ಹರಿದಂತೆ ಹೋಯಿತು. ನನಗೂ ಬಹಳ ಹಿಡಿಸಿತು.

ಮಧ್ಯಾಹ್ನ ಗದ್ದೆಗೆ ಒಯ್ದೆವು. ಕಬ್ಬು ಆಳುದ್ದ ಬೆಳೆದಿತ್ತು. ಅಕ್ಕ ಆಚೆ ಬದುವಿನ ಕಡೆ ಇದ್ದಾರೆ ಎಂದುಕೊಂಡಿದ್ದೆವು. ಫೋನು ನನ್ನ ಕೈಯಲ್ಲಿತ್ತು. ಮುಂದಕ್ಕೆ ಬಿಟ್ಟೆ. ಗಾಡಿ ಹಸಿರಿನೊಳಗೆ ಮರೆಯಾಯಿತು. ಆಗ ಅದೇ ಸಾಲಿನ ಒಳಗಿನಿಂದ ಅಕ್ಕ ಕೆಮ್ಮಿದ್ದು ಕೇಳಿಸಿತು.

ನಿಲ್ಲಿಸುವ ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಬ್ಲೇಡಿನ ಸದ್ದು ದೂರವಾಗುತ್ತಲೇ ಇತ್ತು. ನೀರು ಕುಡಿದ ಕಬ್ಬಿನ ದಟ್ಟಣೆ ಸಿಗ್ನಲ್ಲನ್ನು ನುಂಗಿತ್ತು. ಬೋಳು ಅಂಗಳದಲ್ಲಿ ಇದು ನಮಗೆ ಹೊಳೆದೇ ಇರಲಿಲ್ಲ.

"ಅಕ್ಕಾ, ಏಳು! ಎದ್ದೇಳು!" ಗೆಳೆಯ ಕೂಗುತ್ತಾ ನುಗ್ಗಿದ. ಬಟ್ಟೆ ಹರಿಯುವ ಸದ್ದು. ಅಕ್ಕನ ಚೀತ್ಕಾರ. ಆಮೇಲೆ ಬ್ಲೇಡಿನ ಸದ್ದೂ ಇಲ್ಲ.

ನಾನು ತಲುಪಿದಾಗ ಅಕ್ಕ ಮಣ್ಣಿನಲ್ಲಿ ಬಿದ್ದಿದ್ದರು. ಕೂತು ಕಳೆ ಕುಯ್ಯುತ್ತಿದ್ದವರ ಸೆರಗು ಬ್ಲೇಡಿಗೆ ಸುತ್ತಿ ಅವರನ್ನು ಹಿಂದಕ್ಕೆ ಎಳೆದುಕೊಂಡಿತ್ತು. ಕುತ್ತಿಗೆಗೂ ಬ್ಲೇಡಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಗೆಳೆಯ ಬ್ಯಾಟರಿಯ ತಂತಿ ಕಿತ್ತು ಮುಷ್ಟಿಯಲ್ಲಿ ಹಿಡಿದಿದ್ದ. ಗರಿ ಕುಯ್ದು ಅವನ ಮುಖದ ತುಂಬ ರಕ್ತ.

ಅಕ್ಕ ಎದ್ದು ಕೂತರು. ಗಾಯವಿರಲಿಲ್ಲ. ಬ್ಲೇಡಿನಿಂದ ಸೆರಗು ಬಿಡಿಸಿಕೊಳ್ಳುತ್ತಾ ಹೇಳಿದರು: "ಸದ್ದು ಕೇಳುಸ್ತು. ಇಂದೆ ನೀವು ಬತ್ತಾ ಇರ್ತೀರ, ನಿಲ್ಲುಸ್ತೀರ ಅಂದ್ಕಂಡೆ ಕಣ್ಲಾ."



ಮುಂದಿನ ಭಾನುವಾರ ಪ್ರೋಗ್ರಾಂ ತಿದ್ದಿದೆವು. ಅರೆಕ್ಷಣ ಫೋನಿನಿಂದ ಏನೂ ಬರದಿದ್ದರೆ ಚಕ್ರ, ಬ್ಲೇಡು ಎರಡೂ ನಿಲ್ಲಬೇಕು. ಅಕ್ಕ ಮನೆಯಲ್ಲೇ ಇದ್ದಾರೆಂದು ನೋಡಿಕೊಂಡು ಗಾಡಿಯನ್ನು ಸಾಲಿಗೆ ಬಿಟ್ಟೆವು. ಸ್ವಲ್ಪ ದೂರ ಹೋಗಿ ಸದ್ದು ಪಟ್ಟನೆ ನಿಂತಿತು. ನಾವು ಬಯಸಿದ್ದೂ ಅದನ್ನೇ. ಆದರೆ ಆ ಮೌನ ತಡೆಯಲಾರದೆ ಇಬ್ಬರೂ ಒಟ್ಟಿಗೇ ಕಬ್ಬಿನೊಳಗೆ ಓಡಿದೆವು. ಗಾಡಿ ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಗೆಳೆಯ ಮಂಡಿಯೂರಿ, ಬ್ಲೇಡಿಗೆ ಬಟ್ಟೆಯೇನಾದರೂ ಸುತ್ತಿದೆಯೇ ಎಂದು ಅದರ ಅಡಿಯನ್ನು ನೋಡಿದ. ನಾನೂ ಬಗ್ಗಿ ನೋಡಿದೆ.